ಫೆಬ್ರವರಿ 9ರ ರಾಜೀನಾಮೆ: ಒಂದು ಗಾರ್ಮೆಂಟ್ಸ್ ಪ್ರಕರಣ

ಈ ಪ್ರಕರಣದ ಹೆಣ್ಣುಮಗಳನ್ನು ರತ್ನ ಎಂದು ಕರೆಯೋಣ. ನಿಜವಾದ ಹೆಸರು ಅದಲ್ಲ. ಫ್ಯಾಕ್ಟರಿ ಇರುವುದು ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಒಳಕ್ಕೆ ತಿರುಗುವ ಒಂದು ರಸ್ತೆಯಲ್ಲಿ. ಇಷ್ಟು ಹೇಳಿದರೆ ಯಾರಿಗೂ ಗುರುತು ಸಿಗುವುದಿಲ್ಲ, ರಾಮನಗರದಿಂದ ಶ್ರೀರಂಗಪಟ್ಟಣದವರೆಗೆ ಅಂಥ ರಸ್ತೆಗಳು, ಅಂಥ ಫ್ಯಾಕ್ಟರಿಗಳು ಬೇಕಾದಷ್ಟಿವೆ. ಊರು, ಲೈನ್ ನಂಬರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಿನಾಂಕಗಳನ್ನು ಮಾತ್ರ ಮುಟ್ಟಿಲ್ಲ. ಇಡೀ ಪ್ರಕರಣ ನಿಂತಿರುವುದೇ ಒಂದು ದಿನಾಂಕದ ಮೇಲೆ.

ನಾನು ಹನ್ನೊಂದು ವರ್ಷ ಓವರ್‌ಲಾಕ್ ಮಿಷನ್ ಮುಂದೆ ಕೂತವಳು, ಆಮೇಲೆ ಯೂನಿಯನ್ ಕೆಲಸಕ್ಕೆ ಬಂದವಳು. ವಕೀಲೆ ಅಲ್ಲ. ಅದರ ಫಲವಾಗಿ ಈ ಪ್ರಕರಣದಲ್ಲಿ ನಾನೇ ಮಾಡಿದ ಒಂದು ಎಡವಟ್ಟೂ ಇದೆ, ಅದನ್ನೂ ಬರೆದಿದ್ದೇನೆ.

ಹಿನ್ನೆಲೆ

ರತ್ನ ಕೆಲಸಕ್ಕೆ ಸೇರಿದ್ದು 2014ರ ಜೂನ್‌ನಲ್ಲಿ. ಹೆಲ್ಪರ್ ಆಗಿ ಸೇರಿ ಎರಡು ವರ್ಷದೊಳಗೆ ಎ ಗ್ರೇಡ್ ಟೈಲರ್ ಆದಳು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಗಾರ್ಮೆಂಟ್ಸ್ ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ ಅಂತ ತಿಳಿಯುತ್ತದೆ. ತೋಳು, ಸೈಡ್ ಹೊಲಿಯುವವರು ಲೈನಿಗೆ ಇಬ್ಬರು ಮೂವರು ಸಿಗುತ್ತಾರೆ. ಕಾಲರ್‌ನಲ್ಲಿ ಒಂದು ನೂಲು ಆಚೀಚೆ ಆದರೂ ಚೆಕಿಂಗ್‌ನಲ್ಲಿ ಪೀಸ್ ವಾಪಸ್. ಗಂಟೆಗೆ 60 ಪೀಸ್ ಟಾರ್ಗೆಟ್, ಅವಳು ಮುಟ್ಟುತ್ತಿದ್ದಳು. ಸೂಪರ್‌ವೈಸರ್ ಬೈಗುಳವೂ ಅವಳ ಮಿಷನ್ ಹತ್ತಿರ ಸ್ವಲ್ಪ ಮೆತ್ತಗಾಗುತ್ತಿತ್ತು ಅಂತ ಅವಳ ಜೊತೆಯವರು ಹೇಳುತ್ತಾರೆ.

ಬೆಳಿಗ್ಗೆ ಏಳೂವರೆಗೆ ಊರ ಬಾಗಿಲಿಗೆ ವ್ಯಾನ್. ಮನೆಯಲ್ಲಿ ಪೇಂಟಿಂಗ್ ಕೆಲಸ ಮಾಡುವ ಗಂಡ, ಅತ್ತೆ, ಐದು ವರ್ಷದ ಮಗಳು. ಕೈಗೆ ಬರುತ್ತಿದ್ದುದು ತಿಂಗಳಿಗೆ ಎಂಟು ಸಾವಿರ ಚಿಲ್ಲರೆ. 2018ರ ಕೊನೆಗೆ ಅವಳು ಎರಡನೇ ಸಲ ಬಸುರಿಯಾದಳು. ಡಾಕ್ಟರು ಕೊಟ್ಟ ಹೆರಿಗೆ ದಿನಾಂಕ 2019ರ ಜೂನ್ 14.

ಇಲ್ಲಿ ಒಂದು ರೂಢಿಯ ಬಗ್ಗೆ ಹೇಳದೆ ಮುಂದೆ ಹೋದರೆ ಏನೂ ಅರ್ಥವಾಗುವುದಿಲ್ಲ. ನಮ್ಮ ಕಡೆ ಗಾರ್ಮೆಂಟ್ಸ್‌ನಲ್ಲಿ ಬಸುರಿಗೆ ಹೇಳುವ ಮಾತು ಒಂದೇ: ‘ರಿಸೈನ್ ಮಾಡು, ಮಗು ಆದ್ಮೇಲೆ ಬಾ, ಹೊಸ ಜಾಯಿನಿಂಗ್ ಮಾಡ್ಕೊಳೋಣ.’ ಯಾರೂ ಗದರಿಸುವುದಿಲ್ಲ. ಎಚ್‌ಆರ್ ಮೇಡಂ ನಗುನಗುತ್ತಲೇ ಹೇಳುತ್ತಾರೆ. ಎಷ್ಟೋ ಹೆಂಗಸರು ತಾವೇ ಕೇಳಿಕೊಂಡು ರಿಸೈನ್ ಮಾಡುತ್ತಾರೆ ಕೂಡ, ಯಾಕೆಂದರೆ ಕೆಲಸ ಬಿಟ್ಟರೆ ಪಿಎಫ್ ಕೈಗೆ ಬರುತ್ತದೆ, ಬಾಣಂತನದ ಖರ್ಚಿಗೆ, ನಾಮಕರಣಕ್ಕೆ, ಹಳೇ ಸಾಲಕ್ಕೆ ಅದೇ ಆಧಾರ. 2016ರ ಏಪ್ರಿಲ್ 18, 19ರಂದು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ಯಾಕೆ? ಪಿಎಫ್ ದುಡ್ಡು ಪೂರ್ತಿ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಅಡ್ಡ ಹಾಕಿದ್ದಕ್ಕೆ. ಎರಡನೇ ದಿನವೇ ಆ ನಿಯಮ ವಾಪಸಾಯಿತು. ನಾನೂ ಆ ಗುಂಪಿನಲ್ಲಿದ್ದೆ. ಆ ಗೆಲುವಿನ ಬಗ್ಗೆ ನನಗೆ ಈಗಲೂ ಹೆಮ್ಮೆ. ಆದರೆ ರಿಸೈನ್ ಮಾಡುವುದು ನಮಗೆ ಎಷ್ಟು ಸಲೀಸಾಗಿ ಒಗ್ಗಿಹೋಗಿದೆ ಅನ್ನುವುದೂ ಅಲ್ಲೇ ಕಾಣುತ್ತದೆ. ಬಲವಂತದ ರಾಜೀನಾಮೆಯನ್ನು ಇಷ್ಟಪಟ್ಟು ಕೊಟ್ಟ ರಾಜೀನಾಮೆಗಳ ರಾಶಿಯಲ್ಲಿ ಬಚ್ಚಿಡುವುದು ಬಹಳ ಸುಲಭ.

ಕಂಪನಿಗೆ ಇದರಿಂದ ಏನು ಲಾಭ? ನಾನೂ ಮೊದಲು ತಪ್ಪಾಗಿಯೇ ತಿಳಿದಿದ್ದೆ, ಹೆರಿಗೆ ರಜೆಯ ಸಂಬಳ ಉಳಿಸುವುದಕ್ಕೆ ಅಂತ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವ ಫ್ಯಾಕ್ಟರಿಯಲ್ಲಿ ಆ 26 ವಾರದ ದುಡ್ಡು ಕೊಡುವುದು ಇಎಸ್‌ಐ ನಿಗಮ, ಕಂಪನಿ ಒಂದು ರೂಪಾಯಿ ಬಿಚ್ಚಬೇಕಿಲ್ಲ. ಅವರಿಗೆ ಬೇಕಿರುವುದು ಎರಡು. ಒಂದು, ಲೈನಿನಲ್ಲಿ ಮಿಷನ್ ಖಾಲಿ ಬೀಳಬಾರದು, ಆ ಜಾಗಕ್ಕೆ ಆರು ತಿಂಗಳಿಗೆಂದಲ್ಲ, ಖಾಯಂ ಆಗಿ ಇನ್ನೊಬ್ಬಳನ್ನು ಕೂರಿಸಬೇಕು. ಇನ್ನೊಂದು, ಸರ್ವಿಸ್ ಮುರಿಯಬೇಕು. ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಗ್ರಾಚ್ಯುಟಿಗೆ ಐದು ವರ್ಷದ ಸತತ ಸರ್ವಿಸ್ ಬೇಕು. ಮದುವೆಯಾದ ಹೆಣ್ಣು ನಾಲ್ಕು ವರ್ಷಕ್ಕೊಮ್ಮೆ ಹೆರಿಗೆಗೆಂದು ‘ರಿಸೈನ್’ ಮಾಡುತ್ತಾ ಹೋದರೆ ಹದಿನೈದು ವರ್ಷ ದುಡಿದರೂ ಅವಳ ಸರ್ವಿಸ್ ಐದು ಮುಟ್ಟುವುದಿಲ್ಲ. ಗ್ರೇಡ್ ಕೆಳಗಿನಿಂದ ಶುರು, ರಜೆ ಲೆಕ್ಕ ಸೊನ್ನೆಯಿಂದ ಶುರು. ರತ್ನಳಿಗೆ ಆಗ ನಾಲ್ಕು ವರ್ಷ ಎಂಟು ತಿಂಗಳು ತುಂಬಿತ್ತು.

ಗೇಟಿನಲ್ಲಿ

ಜನವರಿಯಲ್ಲಿ ಹೊಟ್ಟೆ ಕಾಣಿಸತೊಡಗಿದಾಗ ಅವಳನ್ನು ಕಾಲರ್‌ನಿಂದ ಎಬ್ಬಿಸಿ ಟ್ರಿಮ್ಮಿಂಗ್‌ಗೆ ಹಾಕಿದರು. ಟ್ರಿಮ್ಮಿಂಗ್ ಅಂದರೆ ಹೊಲಿದು ಬಂದ ಬಟ್ಟೆಯ ನೂಲಿನ ತುದಿ ಕತ್ತರಿಸುವುದು. ಹೆಲ್ಪರ್‌ಗಳ ಕೆಲಸ. ಕೇಳಿದರೆ, ನಿನ್ನ ಒಳ್ಳೇದಕ್ಕೇ, ಹಗುರ ಕೆಲಸ ಅಂದರು. ಹಗುರವೇನೋ ಹೌದು, ಆದರೆ ಇಡೀ ದಿನ ನಿಂತೇ ಮಾಡಬೇಕು. ಕಾಲರ್ ಮಿಷನ್‌ಗೆ ಕುರ್ಚಿಯಾದರೂ ಇತ್ತು.

ಅದೇ ತಿಂಗಳ ಕೊನೆಯಲ್ಲಿ ಹೊಸ ಯೂನಿಫಾರ್ಮ್ ಕೊಟ್ಟಾಗ ರಶೀದಿಯ ಜೊತೆ ಇನ್ನೆರಡು ಹಾಳೆಗೆ ಸಹಿ ಹಾಕಿಸಿಕೊಂಡರು. ಒಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು, ಒಂದು ಬಿಳಿ ಹಾಳೆ. ರತ್ನ ಓದಿರುವುದು ಕನ್ನಡ ಮೀಡಿಯಂ ಏಳನೇ ಕ್ಲಾಸ್. ‘ಎಲ್ಲಾರೂ ಹಾಕ್ತಾವ್ರೆ ಅಂತ ನಾನೂ ಹಾಕ್ದೆ ಅಕ್ಕ’ ಎಂದಳು. ಯಾರ್ಯಾರಿಗೆ ಯಾವ ಹಾಳೆ ಕೊಟ್ಟಿದ್ದರೋ ಯಾರು ನೋಡಿದರು?

ಫೆಬ್ರವರಿ 9, ಶನಿವಾರ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರು ಸಿಕ್ಕೇ ಸಿಗುತ್ತಾರೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಅದು. ಆಶಾ ಕಾರ್ಯಕರ್ತೆ ಹಿಂದಿನ ವಾರವೇ ಹೇಳಿಹೋಗಿದ್ದರು. ರತ್ನ ಶುಕ್ರವಾರ ಸೂಪರ್‌ವೈಸರ್‌ಗೆ ಬಾಯಿಮಾತಲ್ಲಿ ಹೇಳಿ ಶನಿವಾರ ರಜೆ ಹಾಕಿದಳು. ಭಾನುವಾರ ಹೇಗೂ ರಜೆ. ಸೋಮವಾರ 11ಕ್ಕೆ ವ್ಯಾನ್ ಇಳಿದು ಗೇಟಿಗೆ ಬಂದರೆ ಕಾರ್ಡ್ ಪಂಚ್ ಆಗಲಿಲ್ಲ. ಸೆಕ್ಯುರಿಟಿಯವನು ಪಟ್ಟಿ ನೋಡಿ, ‘ನಿಮ್ದು ಸೆಟ್ಲ್‌ಮೆಂಟ್ ಆಗೋಗದೆ ಕಣಮ್ಮ’ ಎಂದ. ಅವಳು ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಮಧ್ಯಾಹ್ನದವರೆಗೆ ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕೂತಿದ್ದಳಂತೆ. ವ್ಯಾನ್ ಮತ್ತೆ ಬರುವುದು ಸಂಜೆಗೆ.

ಮೊದಲ ಒಂದು ತಿಂಗಳು ಪೋಲಾದದ್ದು

ಗಂಡ, ಅಣ್ಣ, ಊರಿನ ಒಬ್ಬ ಮುಖಂಡ, ಒಬ್ಬೊಬ್ಬರಾಗಿ ಹೋಗಿ ಮಾತಾಡಿಸಿದರು. ಪ್ರತಿ ಸಲವೂ ಎಚ್‌ಆರ್ ಒಳ್ಳೆಯ ಮಾತೇ ಆಡಿದರು. ಅವಳೇ ಬರೆದುಕೊಟ್ಟಳು, ಹೆರಿಗೆ ಆಗಲಿ, ಅಕ್ಟೋಬರ್‌ಗೆ ಬರಲಿ, ನಾವೇ ಸೇರಿಸಿಕೊಳ್ತೀವಿ. ಗಂಡನಿಗೆ ಅದು ಸರಿ ಅನ್ನಿಸಿತು. ಮನೆಯಲ್ಲಿ ಎಲ್ಲರಿಗೂ ಸರಿ ಅನ್ನಿಸಿತು. ರತ್ನ ನಮ್ಮ ಆಫೀಸಿಗೆ ಬಂದದ್ದು ಮಾರ್ಚ್ ಎರಡನೇ ವಾರ, ಅದೂ ಜಗಳಕ್ಕಲ್ಲ, ಪಿಎಫ್ ಫಾರಂ ತುಂಬಿಸಿಕೊಳ್ಳಲು.

ಪಿಎಫ್‌ಗೆಂದು ಅವಳ ಯುಎಎನ್ (ಪಿಎಫ್ ಖಾತೆಯ ನಂಬರು) ತೆಗೆದು ನೋಡಿದೆ. ಕೆಲಸ ಬಿಟ್ಟ ದಿನಾಂಕದ ಕಡೆ 31-01-2019 ಅಂತ ಇತ್ತು. ‘ಫೆಬ್ರವರೀಲಿ ಎಷ್ಟು ದಿನ ಕೆಲಸಕ್ಕೆ ಹೋಗಿದ್ದೆ?’ ಅಂತ ಕೇಳಿದೆ. ಎಂಟನೇ ತಾರೀಕಿನವರೆಗೂ ಹೋಗಿದ್ದೆ ಅಂದಳು. ಪಿಎಫ್ ಫಾರಂ ಪಕ್ಕಕ್ಕಿಟ್ಟೆ. ಪಿಎಫ್ ತೆಗೆದರೆ ಕೆಲಸ ಬಿಟ್ಟೆ ಅಂತ ನೀನೇ ಒಪ್ಪಿಕೊಂಡ ಹಾಗಾಗುತ್ತದೆ, ಬೇಕಾ ಅಂತ ಕೇಳಿದೆ. ಆ ದಿನ ಅವಳು ಉತ್ತರ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಫೋನ್ ಮಾಡಿ, ಬೇಡ ಅಂದಳು. ಈ ಪ್ರಕರಣದಲ್ಲಿ ಮೊದಲ ನಿರ್ಧಾರ ಅದು, ಬಹುಶಃ ಎಲ್ಲಕ್ಕಿಂತ ಕಷ್ಟದ್ದು. ಪಿಎಫ್‌ನಲ್ಲಿ ಅವಳ ಮೂವತ್ತು ಸಾವಿರಕ್ಕೂ ಹೆಚ್ಚು ಹಣವಿತ್ತು, ಮನೆಯಲ್ಲಿ ಬೈಕಿನ ಕಂತು ಎರಡು ತಿಂಗಳಿಂದ ನಿಂತಿತ್ತು.

ನಾನು ಬರೆದ ತಪ್ಪು ಕಾಗದ

ಮಾರ್ಚ್ 20ರ ಸುಮಾರಿಗೆ ಕಂಪನಿಗೆ ಯೂನಿಯನ್ ಲೆಟರ್‌ಹೆಡ್‌ನಲ್ಲಿ ಒಂದು ಖಡಕ್ ಕಾಗದ ಬರೆದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಕಲಂ ಪ್ರಕಾರ ಬಸುರಿಯನ್ನು ಕೆಲಸದಿಂದ ತೆಗೆಯುವಂತಿಲ್ಲ, ದಿಲ್ಲಿ ಕಾರ್ಪೊರೇಷನ್ನಿನ ದಿನಗೂಲಿ ಹೆಂಗಸರ ಪರವಾಗಿ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ, ಇತ್ಯಾದಿ. ಬರೆದು ಮುಗಿಸಿದಾಗ ನನಗೇ ಖುಷಿಯಾಗಿತ್ತು.

ಹತ್ತು ದಿನಕ್ಕೆ ಅವರ ವಕೀಲರಿಂದ ಅರ್ಧ ಪುಟದ ಉತ್ತರ ಬಂತು. ನಮ್ಮದು ಇಎಸ್‌ಐ ಅನ್ವಯವಾಗುವ ಕಾರ್ಖಾನೆ, ಆ ಕಾಯ್ದೆಯ 2ನೇ ಕಲಮಿನ 2ನೇ ಉಪಕಲಂ ಪ್ರಕಾರ ನೀವು ಹೇಳಿದ ರಕ್ಷಣೆ ನಮಗೆ ಅನ್ವಯಿಸುವುದಿಲ್ಲ. ಅಷ್ಟೇ. ಅವರು ಹೇಳಿದ್ದು ಸರಿಯಾಗಿತ್ತು. ನಮ್ಮ ವಕೀಲರು ಕಾಗದ ನೋಡಿ ನನ್ನನ್ನು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಅದು ಬೈಗುಳಕ್ಕಿಂತ ಜಾಸ್ತಿಯಾಯಿತು.

ಅವರು ವಿವರಿಸಿದ್ದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಈ ಗುಂಡಿಗೆ ಬೀಳುವವಳು ನಾನೊಬ್ಬಳೇ ಅಲ್ಲ. ಇಎಸ್‌ಐ ವ್ಯಾಪ್ತಿಯ ಫ್ಯಾಕ್ಟರಿಯಲ್ಲಿ ರಕ್ಷಣೆ ಆಗ ಸಿಗುತ್ತಿದ್ದುದು 1948ರ ಇಎಸ್‌ಐ ಕಾಯ್ದೆಯ 73ನೇ ಕಲಮಿನಲ್ಲಿ. ಅದು ಹೇಳುತ್ತಿದ್ದುದೇನೆಂದರೆ, ಹೆರಿಗೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ. ಭತ್ಯೆ ಶುರುವಾಗುವುದು ಬೇಗ ಅಂದರೆ ಹೆರಿಗೆಯ ನಿರೀಕ್ಷಿತ ದಿನಕ್ಕಿಂತ ಎಂಟು ವಾರ ಮೊದಲು. ರತ್ನಳ ಲೆಕ್ಕದಲ್ಲಿ ಏಪ್ರಿಲ್ 19. ಅವಳನ್ನು ಗೇಟಿನಲ್ಲಿ ತಡೆದದ್ದು ಫೆಬ್ರವರಿ 11. ಹೊಟ್ಟೆ ಕಾಣಿಸತೊಡಗಿದ ದಿನದಿಂದ ಭತ್ಯೆ ಶುರುವಾಗುವ ದಿನದವರೆಗೆ ಮಧ್ಯೆ ಎರಡು ಮೂರು ತಿಂಗಳ ಒಂದು ಸಂದು ಇದೆ, ‘ರಿಸೈನ್ ಮಾಡು’ ಎಂಬ ಮಾತು ಕೇಳಿಬರುವುದು ಸರಿಯಾಗಿ ಆ ಸಂದಿನಲ್ಲಿ. ಇದು ಕಾಕತಾಳೀಯ ಅಂತ ನಾನು ನಂಬುವುದಿಲ್ಲ.

1981ರಲ್ಲಿ ಏರ್ ಇಂಡಿಯಾ ಗಗನಸಖಿಯರ ಮೊಕದ್ದಮೆಯಲ್ಲಿ, ಮೊದಲ ಸಲ ಬಸುರಿಯಾದ ತಕ್ಷಣ ಕೆಲಸ ಹೋಗುತ್ತದೆ ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ಹೊಡೆದುಹಾಕಿತು. ಅಲ್ಲಿ ಹೊಡೆಯಲು ಒಂದು ನಿಯಮವಾದರೂ ಬರಹದಲ್ಲಿತ್ತು. ಇಲ್ಲಿ ಕಂಪನಿಯ ಸ್ಥಾಯಿ ಆದೇಶ ತೆಗೆದು ನೋಡಿದರೆ ಬಸುರಿ ಎಂಬ ಪದವೇ ಇಲ್ಲ. ಇರುವುದು ‘ವೈಯಕ್ತಿಕ ಕಾರಣ’ ಎಂದು ಬರೆದ ಮೂರು ಸಾಲಿನ ಕಾಗದ, ಕೆಳಗೆ ಅವಳದೇ ಸಹಿ.

ವಕೀಲರು ದಾರಿ ಬದಲಿಸಿದರು. ಹೆರಿಗೆ ಕಾಯ್ದೆ ಬಿಡಿ, ಇದು ಕೆಲಸದಿಂದ ತೆಗೆದುಹಾಕಿದ ವ್ಯಾಜ್ಯ, ಕೈಗಾರಿಕಾ ವಿವಾದ ಕಾಯ್ದೆಯ 2ಎ ಕೆಳಗೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ದೂರು ಕೊಡಿ ಎಂದರು. 45 ದಿನದಲ್ಲಿ ಅಲ್ಲಿ ಬಗೆಹರಿಯದಿದ್ದರೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. (ಇದು ಆಗಿನ ಕಾನೂನು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ ದೂರು ಬರೆಯುವವರು ಇಲ್ಲಿಯ ಕಲಂ ನಂಬರುಗಳನ್ನು ಹಾಗೇ ನಕಲು ಮಾಡಬೇಡಿ.)

ನಡುವೆ ಇನ್ನೊಂದು ಪ್ರಯತ್ನವೂ ಆಯಿತು. ಆ ಫ್ಯಾಕ್ಟರಿಯಲ್ಲಿ ಯಾವ ವಿದೇಶಿ ಬ್ರ್ಯಾಂಡಿನ ಶರ್ಟ್ ಹೊಲಿಯುತ್ತಾರೋ ಆ ಬ್ರ್ಯಾಂಡಿಗೆ ಇಮೇಲ್ ಕಳಿಸಿದೆವು. ಆಡಿಟರ್ ಬಂದರು, ಬರುವ ಹಿಂದಿನ ದಿನ ಹೆಂಗಸರಿಗೆ ಏನು ಹೇಳಬೇಕೆಂದು ಹೇಳಿಕೊಟ್ಟಿದ್ದರು, ಬೀಗ ಹಾಕಿದ್ದ ಕೂಸಿನ ಮನೆ ತೆಗೆದು ಎರಡು ತೊಟ್ಟಿಲು ಇಟ್ಟಿದ್ದರು, ಆಡಿಟರ್ ಹೋದರು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಕೂಸಿನ ಮನೆ ಇರಲೇಬೇಕು ಅಂತ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ಇಲ್ಲಿ ಇದ್ದವರು ಒಂಬೈನೂರು ಹೆಂಗಸರು. ಆ ಕಥೆ ಬೇರೆ.

ಭತ್ಯೆಯ ವಿಷಯದಲ್ಲಿ ಮಾತ್ರ ಒಂದು ಸಮಾಧಾನ ಸಿಕ್ಕಿತು. ಕೆಲಸ ಹೋದ ಮೇಲೆ ಇಎಸ್‌ಐ ದುಡ್ಡೂ ಹೋಯಿತು ಅಂದುಕೊಂಡಿದ್ದಳು ರತ್ನ. ಇಎಸ್‌ಐನಲ್ಲಿ ಅರ್ಹತೆ ನೋಡುವುದು ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇದೆಯೇ ಅಂತ. ಜೂನ್ ಹೆರಿಗೆಗೆ ಲೆಕ್ಕಕ್ಕೆ ಬರುವುದು 2017ರ ಅಕ್ಟೋಬರ್‌ನಿಂದ 2018ರ ಸೆಪ್ಟೆಂಬರ್‌ವರೆಗಿನ ವಂತಿಗೆ. ಅದು ಪೂರ್ತಿ ಇತ್ತು. ಇಎಸ್‌ಐ ಶಾಖೆಯಲ್ಲಿದ್ದವರು ಕಂಪ್ಯೂಟರ್ ನೋಡಿ ಐದು ನಿಮಿಷದಲ್ಲಿ ಹೇಳಿದರು. 26 ವಾರದ ಭತ್ಯೆ ಅವಳ ಖಾತೆಗೆ ಬಂತು. ಆ ದುಡ್ಡು ಬರದಿದ್ದರೆ ಮುಂದಿನ ಆರು ತಿಂಗಳು ಅವಳು ನಮ್ಮ ಜೊತೆ ನಿಲ್ಲುತ್ತಿದ್ದಳೋ ಇಲ್ಲವೋ.

ತಾಯಿ ಕಾರ್ಡ್

ದೂರು ಕೊಟ್ಟದ್ದು ಏಪ್ರಿಲ್ ಮೊದಲ ವಾರ. ಏಪ್ರಿಲ್ 18ಕ್ಕೆ ಲೋಕಸಭಾ ಚುನಾವಣೆ. ಆ ಸಲದ ಮಂಡ್ಯ ಕಣ ಹೇಗಿತ್ತು ಅಂತ ಯಾರಿಗೂ ನೆನಪಿಸಬೇಕಿಲ್ಲ, ಸುತ್ತಮುತ್ತಲ ಊರುಗಳಲ್ಲೂ ಬೇರೆ ಮಾತೇ ಇರಲಿಲ್ಲ. ಅಧಿಕಾರಿಗಳೆಲ್ಲ ಎಲೆಕ್ಷನ್ ಡ್ಯೂಟಿಯಲ್ಲಿದ್ದರು. ಮೊದಲ ವಿಚಾರಣೆ ನಡೆದದ್ದು ಮೇ 22ಕ್ಕೆ. ರತ್ನಳಿಗೆ ಆಗ ಎಂಟು ತಿಂಗಳು ತುಂಬಿತ್ತು.

ಕಂಪನಿಯ ಕಡೆಯವರು ರಾಜೀನಾಮೆಯ ಜೆರಾಕ್ಸ್ ತಂದಿದ್ದರು. ಆ ಹಾಳೆಯನ್ನು ನಾವು ನೋಡಿದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ಮೂರು ಸಾಲು ಟೈಪು, ಕೆಳಗೆ ಕನ್ನಡದಲ್ಲಿ ಅವಳ ಸಹಿ, ಸಹಿಯ ಪಕ್ಕ ಬೇರೆ ಯಾರದೋ ಕೈಬರಹದಲ್ಲಿ ದಿನಾಂಕ: 09/02/19. ರತ್ನ ಹಾಳೆ ನೋಡಿದಳು, ನನ್ನ ಮೊಣಕೈ ಹಿಡಿದುಕೊಂಡಳು. ಬಾಯಿ ತೆಗೆದಳು. ವಕೀಲರು ಅವಳ ಕಡೆ ನೋಡದೆ, ‘ಸರ್, ಇದಕ್ಕೆ ಲಿಖಿತ ಹೇಳಿಕೆ ಕೊಡಲಿ, ಆಮೇಲೆ ನಾವು ಮಾತಾಡ್ತೀವಿ’ ಎಂದು ಸಂಧಾನಾಧಿಕಾರಿಗೆ ಹೇಳಿ ಎದ್ದೇಬಿಟ್ಟರು.

ಹೊರಗೆ ಬಂದು ಚಹಾ ಅಂಗಡಿ ಬೆಂಚಿನ ಮೇಲೆ ಅವಳು ವ್ಯಾನಿಟಿ ಬ್ಯಾಗ್ ತೆರೆದು ಪ್ಲಾಸ್ಟಿಕ್ ಕವರಿನಿಂದ ತಾಯಿ ಕಾರ್ಡ್ ತೆಗೆದಳು. ಅಂಚೆಲ್ಲ ಮೆತ್ತಗಾಗಿತ್ತು, ಒಂದು ಮೂಲೆಯಲ್ಲಿ ಕುಂಕುಮದ ಕಲೆ. ತಪಾಸಣೆಯ ಕೋಷ್ಟಕದಲ್ಲಿ ಮೂರನೇ ಸಾಲು: 9-2-19, ತೂಕ 51, ಬಿಪಿ 110/70, ರಕ್ತದ ಅಂಶ 9.8, ಪಕ್ಕದಲ್ಲಿ ಆಸ್ಪತ್ರೆಯ ನೇರಳೆ ಸೀಲು. ಬೆಳಿಗ್ಗೆ ಒಂಬತ್ತಕ್ಕೆ ಹೋದವಳು, ಸಾಲು ಉದ್ದವಿದ್ದುದರಿಂದ ಮನೆ ಸೇರಿದ್ದು ಮಧ್ಯಾಹ್ನ ಮೂರಕ್ಕೆ.

ಇದನ್ನು ಒಳಗೇ ತೋರಿಸಬಹುದಿತ್ತಲ್ಲ ಅಂತ ನಾನು ವಕೀಲರ ಮೇಲೆ ಸಿಟ್ಟಾದೆ. ಅವರು ಹೇಳಿದ್ದು: ‘ಈಗ ತೋರಿಸಿದ್ರೆ ಏನಂತಾರೆ? ತಾರೀಕು ಬರೆಯೋವಾಗ ತಪ್ಪಾಗಿದೆ, ಎಂಟನೇ ತಾರೀಕು ಕೊಟ್ಟಿದ್ದು ಅಂತಾರೆ. ಮೊದ್ಲು ಆ ದಿನ ಯಾರ ಎದುರಿಗೆ, ಎಲ್ಲಿ, ಹೆಂಗೆ ಕೊಟ್ಳು ಅಂತ ಅವ್ರ ಬಾಯಲ್ಲೇ ಬರಲಿ, ಬರಹದಲ್ಲಿ ಬರಲಿ.’ ಹೀಗೆ ಕಾಯುವುದು ನನಗೆ ಮೋಸದ ಹಾಗೆ ಕಂಡಿತ್ತು. ಅವಳ ಬಿಳಿ ಹಾಳೆಯ ಸಹಿ ನೆನಪಾದ ಮೇಲೆ ಆ ಅನಿಸಿಕೆ ಹೋಯಿತು.

ಜೂನ್ 11ಕ್ಕೆ ಹೆರಿಗೆಯಾಯಿತು, ಗಂಡುಮಗು. ಜುಲೈನಲ್ಲಿ ಕಂಪನಿ ಲಿಖಿತ ಹೇಳಿಕೆ ಸಲ್ಲಿಸಿತು. ‘ದಿನಾಂಕ 9-2-2019ರಂದು ಬೆಳಿಗ್ಗೆ ಸುಮಾರು 11 ಗಂಟೆಗೆ ಸದರಿ ಕಾರ್ಮಿಕರು ಸಿಬ್ಬಂದಿ ವಿಭಾಗಕ್ಕೆ ಖುದ್ದಾಗಿ ಹಾಜರಾಗಿ, ಸ್ವಇಚ್ಛೆಯಿಂದ ರಾಜೀನಾಮೆ ಸಲ್ಲಿಸಿರುತ್ತಾರೆ.’ ಬೇಕಾದ್ದೆಲ್ಲ ಆ ಒಂದು ವಾಕ್ಯದಲ್ಲಿತ್ತು. ಆಗಸ್ಟ್ ವಿಚಾರಣೆಯಲ್ಲಿ ನಾವು ಮೂರು ಹಾಳೆ ಇಟ್ಟೆವು: ತಾಯಿ ಕಾರ್ಡಿನ ಪ್ರತಿ, ಯುಎಎನ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಜನವರಿ 31 ಎಂದಿರುವ ಪುಟ, ಆ ಶನಿವಾರದ ಹಾಜರಿ ಪಂಚ್ ಕೊಡಿ ಎಂಬ ಅರ್ಜಿ. ಜನವರಿ 31ಕ್ಕೇ ಕೆಲಸ ಬಿಟ್ಟವಳು ಫೆಬ್ರವರಿ 9ಕ್ಕೆ ರಾಜೀನಾಮೆ ಕೊಟ್ಟಳು, ಅದೂ ಆಸ್ಪತ್ರೆಯಲ್ಲಿ ಬಿಪಿ ನೋಡಿಸಿಕೊಳ್ಳುತ್ತಾ. ಸಂಧಾನಾಧಿಕಾರಿ ಮೂರನ್ನೂ ಒಂದರ ಪಕ್ಕ ಒಂದು ಜೋಡಿಸಿ, ಎಚ್‌ಆರ್ ಕಡೆ ತಿರುಗಿಸಿ ಇಟ್ಟರು. ಏನೂ ಹೇಳಲಿಲ್ಲ.

ಜೊತೆಯವರ ಸಾಕ್ಷಿ ನಮಗೆ ಸಿಗಲಿಲ್ಲ. ಅವಳು ಬರುತ್ತಿದ್ದ ಒಂದೇ ವ್ಯಾನಿನಲ್ಲಿ ಹೆರಿಗೆಗೆಂದು ರಿಸೈನ್ ಮಾಡಿ ಮತ್ತೆ ಸೇರಿದವರು ಏಳು ಜನ ಇದ್ದರು. ಒಬ್ಬರೂ ಬರೆದುಕೊಡಲು ಒಪ್ಪಲಿಲ್ಲ. ತಪ್ಪೆನ್ನಲಾರೆ, ಅವರ ಕಾರ್ಡ್ ನಾಳೆ ಪಂಚ್ ಆಗಬೇಕಲ್ಲ.

ನಲವತ್ತು ಸಾವಿರ

ಎರಡು ವಾರದ ಮೇಲೆ ಕಂಪನಿಯಿಂದ ಸಂಧಾನದ ಮಾತು ಬಂತು. ನಲವತ್ತು ಸಾವಿರ ರೂಪಾಯಿ ಕೊಡುತ್ತೇವೆ, ಅಕ್ಟೋಬರ್‌ನಲ್ಲಿ ಹೊಸದಾಗಿ ಸೇರಿಸಿಕೊಳ್ಳುತ್ತೇವೆ, ದೂರು ವಾಪಸ್ ತೆಗೆದುಕೊಳ್ಳಿ.

ನಾನು ಲೆಕ್ಕ ಹಾಕಿ ಅವಳ ಮುಂದಿಟ್ಟೆ. ಸರ್ವಿಸ್ ಮುರಿಯದಿದ್ದರೆ ಆ ಜೂನ್‌ಗೆ ಅವಳಿಗೆ ಐದು ವರ್ಷ, ಹೆರಿಗೆ ರಜೆಯ 26 ವಾರವೂ ಸತತ ಸರ್ವಿಸ್ ಅಂತಲೇ ಲೆಕ್ಕ. ಗ್ರಾಚ್ಯುಟಿ ಎಂದರೆ ವರ್ಷಕ್ಕೆ 15 ದಿನದ ಸಂಬಳ, ಮೂಲವೇತನ ತುಟ್ಟಿಭತ್ಯೆ ಸೇರಿ ಎಂಟು ಸಾವಿರಕ್ಕೆ ಐದು ವರ್ಷದ್ದು 23 ಸಾವಿರ ಚಿಲ್ಲರೆ. ಅದೂ ಈಗ ಕೈಗೆ ಬರುವುದಲ್ಲ, ಎಂದೋ ಕೆಲಸ ಬಿಟ್ಟಾಗ. ಇಲ್ಲಿ ನಲವತ್ತು ಸಾವಿರ ನಗದು. ಗಂಡನ ಮುಖ ನೋಡಿದರೆ ತೀರ್ಮಾನ ಆಗಿಹೋದಂತಿತ್ತು. ಸತ್ಯ ಹೇಳಬೇಕೆಂದರೆ, ಅವಳ ಜಾಗದಲ್ಲಿ ನಾನಿದ್ದರೆ ತೆಗೆದುಕೊಳ್ಳುತ್ತಿದ್ದೆನೇನೋ.

ರತ್ನ ಮಗುವನ್ನು ಭುಜ ಬದಲಿಸಿ ಹಾಕಿಕೊಂಡು ಒಬ್ಬ ಗಂಡಸಿನ ಹೆಸರು ಹೇಳಿದಳು. ಕಟಿಂಗ್ ಸೆಕ್ಷನ್‌ನವನು, ಪಕ್ಕದ ಊರಿನವನು. ‘ಅವ್ನೂ ನಾನೂ ಒಂದೇ ದಿನ ಸೇರಿದ್ದು ಅಕ್ಕ. ಕಾರ್ಡ್ ನಂಬ್ರ ಹಿಂದೆ ಮುಂದೆ. ಅವ್ನಿಗೂ ಎರಡು ಮಕ್ಳಾದೋ. ಅವ್ನ ಕಾರ್ಡ್ ಹಳೇದೇ ಅದೆ.’

ಆ ಇಡೀ ವರ್ಷದಲ್ಲಿ ನಮ್ಮ ದೂರಿನಲ್ಲಾಗಲಿ ವಕೀಲರ ಟಿಪ್ಪಣಿಯಲ್ಲಾಗಲಿ ಬರದಿದ್ದ ಮಾತು ಅದು. ನಾವು ಕಲಂ ಹುಡುಕುತ್ತಿದ್ದೆವು, ಅವಳು ಹೋಲಿಸಬೇಕಾದವನನ್ನೇ ಹುಡುಕಿಟ್ಟಿದ್ದಳು. ಒಂದೇ ದಿನ ಸೇರಿದ ಇಬ್ಬರು, ಇಬ್ಬರಿಗೂ ಮಕ್ಕಳು. ಒಬ್ಬನ ಸರ್ವಿಸ್ ಒಂದು ದಿನವೂ ಮುರಿದಿಲ್ಲ. ನಾವು ಆ ಮಾತನ್ನೇ ಸಂಧಾನದ ಅರ್ಜಿಗೆ ಸೇರಿಸಿದೆವು, ಅವನ ಹೆಸರಿಲ್ಲದೆ, ‘ಅದೇ ದಿನಾಂಕದಂದು ನೇಮಕಗೊಂಡ ಪುರುಷ ಕಾರ್ಮಿಕರ ಸೇವಾ ದಾಖಲೆ ಹಾಜರುಪಡಿಸಬೇಕು’ ಎಂದು. ಅವರು ದಾಖಲೆ ತರಲಿಲ್ಲ. ಅದರ ಬದಲು ಒಪ್ಪಂದದ ಕರಡು ತಂದರು.

2019ರ ಸೆಪ್ಟೆಂಬರ್ 6ರಂದು 12(3) ಒಪ್ಪಂದಕ್ಕೆ, ಅಂದರೆ ಸಂಧಾನಾಧಿಕಾರಿಯ ಎದುರು ಆಗುವ ಒಪ್ಪಂದಕ್ಕೆ, ಸಹಿಯಾಯಿತು. ರಾಜೀನಾಮೆ ಇಲ್ಲವೆಂದು ಪರಿಗಣಿಸುವುದು, 2014ರ ಜೂನ್‌ನಿಂದ ಸೇವೆ ಸತತ, ಅದೇ ಗ್ರೇಡ್, ಕಾಲರ್ ಮಿಷನ್, ಹಳೆಯ ಕಾರ್ಡ್ ನಂಬರ್. ಫೆಬ್ರವರಿ 11ರಿಂದ ಏಪ್ರಿಲ್ 18ರವರೆಗಿನ 67 ದಿನ ಸಂಬಳವಿಲ್ಲದ ರಜೆ. ಆ 67 ದಿನದ ಸಂಬಳ ನಾವು ಬಿಟ್ಟುಕೊಟ್ಟೆವು. ವಕೀಲರು ಕೋರ್ಟಿಗೆ ಹೋಗೋಣ ಅಂದಿದ್ದರು, ಅದಕ್ಕೆ ಬೇಕಾದ ವರ್ಷಗಳು ರತ್ನಳ ಹತ್ತಿರ ಇರಲಿಲ್ಲ. ‘ದುಡ್ಡು ಬಿಡ್ತೀನಿ, ಸೇರಿದ ತಾರೀಕು ಬಿಡಲ್ಲ’ ಎಂದಳು. ಈ ವಿನಿಮಯ ಸರಿಯಾಗಿತ್ತೇ ಅಂತ ನಮ್ಮ ಯೂನಿಯನ್ನಿನಲ್ಲೇ ಇವತ್ತಿಗೂ ಎರಡು ಮಾತಿದೆ.

ಆಮೇಲೆ

ಅಕ್ಟೋಬರ್ ಮೂರನೇ ವಾರ ಅವಳು ಒಳಗೆ ಹೋದಳು. ಮೊದಲ ತಿಂಗಳು ಬೇರೆ ಲೈನಿಗೆ ಹಾಕಿ ಮೂಲೆಯಲ್ಲಿ ಕೂರಿಸಿದರು, ಯಾರೂ ಜೊತೆಯಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಡಿಸೆಂಬರ್ ಹೊತ್ತಿಗೆ ಸರಿಹೋಯಿತು. ಕಾಲರ್ ಹೊಲಿಯುವವರಿಗೆ ಯಾವಾಗಲೂ ಬರ. ಲಾಕ್‌ಡೌನ್ ದಾಟಿದಳು. 2021ರ ಆಗಸ್ಟ್‌ನಲ್ಲಿ ಅತ್ತೆಗೆ ಪಾರ್ಶ್ವವಾಯುವಾದಾಗ ತಾನೇ ಕೆಲಸ ಬಿಟ್ಟಳು. ಈ ಸಲದ ರಾಜೀನಾಮೆ ಕನ್ನಡದಲ್ಲಿ, ಅವಳದೇ ಅಕ್ಷರದಲ್ಲಿ. ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬಂದಳು. ಏಳು ವರ್ಷದ ಗ್ರಾಚ್ಯುಟಿ 38,365 ರೂಪಾಯಿ. ಹೊಸ ಜಾಯಿನಿಂಗ್‌ಗೆ ಒಪ್ಪಿದ್ದರೆ ಎರಡು ವರ್ಷದ ಸರ್ವಿಸ್ಸೂ ತುಂಬದೆ ಸೊನ್ನೆ. ಆಗ ಬೇಡವೆಂದ ನಲವತ್ತು ಸಾವಿರಕ್ಕೆ ಇದು ಹೆಚ್ಚುಕಮ್ಮಿ ಸಮ ಅಂತ ಲೆಕ್ಕದವರು ಹೇಳಬಹುದು. ಹೌದು, ಸಮವೇ.

ಈ ಪ್ರಕರಣವನ್ನು ನಾನು ಬೇರೆ ಕಡೆ ಹೇಳುವಾಗ ಜನ ತಾಯಿ ಕಾರ್ಡಿನ ಭಾಗಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆಗ ನಾನು ಇನ್ನೊಂದನ್ನೂ ಹೇಳುತ್ತೇನೆ. ಸಹಿ ಅವಳದೇ ಆಗಿತ್ತು. ಎಂಟನೇ ತಾರೀಕು, ಶುಕ್ರವಾರ, ಅವಳು ಫ್ಯಾಕ್ಟರಿಯೊಳಗೇ ಇದ್ದಳು. ಆ ಕೈಬರಹದವರು 9ರ ಬದಲು 8 ಅಂತ ಬರೆದಿದ್ದರೆ ನಮ್ಮ ಬಳಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಅದಕ್ಕೇ ನಮ್ಮ ಸದಸ್ಯರಿಗೆ ನಾನು ಈಗ ಹೇಳುವುದು ಬಹಳ ಸಣ್ಣ ಕೆಲಸಗಳು. ಸಹಿ ಹಾಕುವ ಹಾಳೆಯ ಫೋಟೊ ತೆಗೆ. ಬಿಡದಿದ್ದರೆ ಸಹಿಯ ಕೆಳಗೆ ಆ ದಿನದ ತಾರೀಕನ್ನು ನೀನೇ ಬರಿ. ಹೊಟ್ಟೆ ಕಾಣಿಸುವ ಮೊದಲೇ ಬಸುರಿ ಅಂತ ಎಚ್‌ಆರ್‌ಗೆ ಬರವಣಿಗೆಯಲ್ಲಿ ತಿಳಿಸಿ ಸೀಲು ಹಾಕಿಸು. ಬಾಯಿಮಾತಿನ ರಜೆ ಹಾಕಬೇಡ, ವಾಟ್ಸ್ಆ್ಯಪ್ ಮೆಸೇಜಾದರೂ ಇರಲಿ.

ಕಂಪನಿಗಳೂ ಕಲಿತಿವೆ. ಹೋದ ವರ್ಷ ಬೇರೊಂದು ಫ್ಯಾಕ್ಟರಿಯ ಹುಡುಗಿಯೊಬ್ಬಳು ಬಂದಳು, ಆರು ತಿಂಗಳ ಬಸುರಿ. ಅವಳ ರಾಜೀನಾಮೆ ಕನ್ನಡದಲ್ಲಿದೆ, ಅವಳದೇ ಅಕ್ಷರ, ತಾರೀಕು ಸರಿಯಾಗಿದೆ, ಆ ದಿನ ಅವಳು ಕೆಲಸದಲ್ಲೇ ಇದ್ದಳು. ಸಾಲದ್ದಕ್ಕೆ ಎಚ್‌ಆರ್ ಅವಳ ಫೋನಿಗೂ ಒಂದು ವಿಡಿಯೊ ಕಳಿಸಿದ್ದರು, ನಿನ್ನ ಹತ್ತಿರವೂ ಇರಲಿ ಅಂತ. ಅದರಲ್ಲಿ ಅವಳು ಕ್ಯಾಮೆರಾ ಮುಂದೆ ನಿಂತು ‘ನಾನು ಯಾರ ಒತ್ತಡವೂ ಇಲ್ಲದೆ’ ಎಂದು ಹೇಳುತ್ತಿದ್ದಾಳೆ. ನಲವತ್ತು ಸೆಕೆಂಡಿನ ವಿಡಿಯೊ. ನಾವು ಅದನ್ನು ಇಪ್ಪತ್ತು ಸಲವಾದರೂ ನೋಡಿದ್ದೇವೆ. ಅವಳ ಕಣ್ಣು ಕ್ಯಾಮೆರಾ ಕಡೆ ಇಲ್ಲ, ಸ್ವಲ್ಪ ಎಡಕ್ಕೆ, ಸಾಲಿನಿಂದ ಸಾಲಿಗೆ ಸರಿಯುತ್ತಿದೆ. ‘ಒತ್ತಡ’ ಎಂಬಲ್ಲಿ ಎಡವಿ ಮತ್ತೆ ಓದುತ್ತಾಳೆ. ಇಪ್ಪತ್ತೊಂದನೇ ಸೆಕೆಂಡಿನಲ್ಲಿ ಫ್ರೇಮಿನ ಎಡ ಅಂಚಿನಿಂದ ಹಾಳೆ ಹಿಡಿದ ಒಂದು ಹೆಬ್ಬೆರಳು ಒಳಗೆ ಬಂದು ಹೋಗುತ್ತದೆ. ಉಗುರಿಗೆ ಕೆಂಪು ಬಣ್ಣ. ಹೊಲಿಯುವವರ ಕೈ ಅದಲ್ಲ. ವಕೀಲರು ಆ ಫ್ರೇಮನ್ನು ದೊಡ್ಡದು ಮಾಡಿಸಲು ಸ್ಟುಡಿಯೊಗೆ ಕೊಟ್ಟಿದ್ದಾರೆ.